ಐವತ್ತು ರೂಪಾಯಿಯ ಹೊಣೆ



ಹರವೆಯ ಸುತ್ತಮುತ್ತಲಿನವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಚಿರಪರಿಚಿತ. ಅದರ ಎತ್ತರ 1,454 ಮೀಟರ್. ಅದರ ಮೂರರಷ್ಟು ಎತ್ತರದ ಬೋಳು ಬಂಡೆಯ ಏರನ್ನು ರಾತ್ರಿಯ ಹೊತ್ತು, ಗುಂಡಿನ ಮಳೆಯ ನಡುವೆ ಹತ್ತುವುದನ್ನು ಊಹಿಸಿಕೊಳ್ಳಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡಾ 60ಕ್ಕಿಂತ ಕಡಿಮೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. 1999ರ ಕಾರ್ಗಿಲ್ ಯುದ್ಧದಲ್ಲಿ, ದ್ರಾಸ್ ವಲಯದ ಅಂಥದೊಂದು ಏರಿನಲ್ಲಿ, ಜೂನ್ 29ರಂದು ಕ್ಯಾಪ್ಟನ್ ವಿಜಯಂತ್ ಥಾಪರ್ ವೀರಮರಣವನ್ನಪ್ಪಿದರು. ಎರಡನೆಯ ರಜಪುತಾನಾ ರೈಫಲ್ಸ್ ದಳದ ಈ ಅಧಿಕಾರಿಗೆ ಆಗ 22 ವರ್ಷ. ಮರಣೋತ್ತರವಾಗಿ ಅವರಿಗೆ ವೀರಚಕ್ರ ಸಂದಿತು.

ಅದಕ್ಕೆ ಮೊದಲು ಅವರ ದಳ ಕಾಶ್ಮೀರದ ಕುಪ್ವಾರಾದಲ್ಲಿತ್ತು. ಅಲ್ಲಿನ ಹಳ್ಳಿಯೊಂದರಲ್ಲಿ ಆರರ ಆಸುಪಾಸಿನ ಹುಡುಗಿಯೊಬ್ಬಳಿದ್ದಳು. ಉಗ್ರಗಾಮಿಗಳು ಅವಳ ತಂದೆಯನ್ನು ಕೊಂದಿದ್ದರು. ಅಂದಿನಿಂದ ಮಗು ಮಾತು ಬಿಟ್ಟಿತ್ತು.

ಇದನ್ನು ಸ್ವಲ್ಪ ವಿಜ್ಞಾನದ ದೃಷ್ಟಿಯಿಂದ ನೋಡೋಣ. ತೀವ್ರ ಆಘಾತಕ್ಕೆ ಸಿಕ್ಕ ಮಕ್ಕಳಲ್ಲಿ ನಾಲಿಗೆಗಾಗಲಿ ಧ್ವನಿತಂತುಗಳಿಗಾಗಲಿ ಪೆಟ್ಟಾಗದೆಯೂ ಮಾತು ನಿಂತುಹೋಗಬಹುದು. ಭಯ ಮನಸ್ಸನ್ನು ಬಿಗಿಹಿಡಿದಿರುತ್ತದೆ. ಗದರಿಸಿದರೆ, ಒತ್ತಾಯಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಹೆದರಬೇಕಾಗಿಲ್ಲ ಎಂಬ ಭರವಸೆ ದಿನದಿನವೂ ಸಿಕ್ಕಾಗ ಅದು ಮೆಲ್ಲನೆ ಸಡಿಲುತ್ತದೆ.

ವಿಜಯಂತ್ ಮಾಡಿದ್ದೂ ಅದನ್ನೇ. ಬಿಡುವಾದಾಗ ಆ ಮಗುವನ್ನು ಕಾಣಲು ಹೋಗುತ್ತಿದ್ದರು, ಚಾಕೊಲೇಟು ಕೊಡುತ್ತಿದ್ದರು, ಮಾತನಾಡಿಸುತ್ತಿದ್ದರು. ಕಾಲಕ್ರಮದಲ್ಲಿ ಮಗು ನಕ್ಕಿತು, ಮಾತನಾಡತೊಡಗಿತು. ಸಮವಸ್ತ್ರ ಮತ್ತು ಬಂದೂಕು ಕಂಡರೆ ಬೆದರಬಹುದಾಗಿದ್ದ ಮಗು ಸಮವಸ್ತ್ರದವನೊಬ್ಬನನ್ನೇ ನಂಬಿತು.

ಕೊನೆಯ ಕದನಕ್ಕೆ ಮುನ್ನ ವಿಜಯಂತ್ ಮನೆಗೆ ಒಂದು ಪತ್ರ ಬರೆದಿಟ್ಟರು. ತಾವು ಮರಳದಿದ್ದರೆ ಮಾತ್ರ ತಲುಪಬೇಕಾದ ಪತ್ರ ಅದು. ಅದರಲ್ಲಿ ಅನಾಥಾಶ್ರಮಕ್ಕೆ ನೆರವು ನೀಡುವಂತೆ ಕೋರಿದ್ದರು. ಜೊತೆಗೆ, ಆ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಬೇಕೆಂದೂ ತಿಳಿಸಿದ್ದರು. ಸೇನೆಯಲ್ಲೇ ಕರ್ನಲ್ ಆಗಿದ್ದ ತಂದೆ ವಿ. ಎನ್. ಥಾಪರ್ ಮಗನ ಮಾತನ್ನು ನಡೆಸಿಕೊಟ್ಟರು.

ಮೊತ್ತ ಸಣ್ಣದು. ಆದರೆ ಸಾವು ಎದುರಿಗಿದ್ದ ರಾತ್ರಿಯಲ್ಲೂ ಒಬ್ಬ ತರುಣ ಅದನ್ನು ಮರೆಯಲಿಲ್ಲ. ತನ್ನ ಸ್ನೇಹ ನಿಂತುಹೋದರೆ ಮಗು ಇನ್ನೊಮ್ಮೆ ಒಂಟಿಯಾದೀತೆಂಬ ಚಿಂತೆ ಅದರ ಹಿಂದಿದ್ದಿರಬೇಕು.

ಮಿತ್ರರೇ, ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲೂ ಮಾತಿಲ್ಲದೆ ಕೂತ ಒಬ್ಬರು ಇದ್ದಾರು. ಕಾರಣ ಕೇಳಿ ಪೀಡಿಸಬೇಡಿ. ನಾಳೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ನಾಡಿದ್ದೂ ಕುಳಿತುಕೊಳ್ಳಿ.