ತಾಮ್ರದ ತಗಡಿನಲ್ಲಿ ಉಳಿದ ಇಗರ್ಜಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೈದರಾಬಾದಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೆದಕ್ ಚರ್ಚನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ ಕಟ್ಟಿಸಿದ, 1924ರ ಡಿಸೆಂಬರ್ 25ರಂದು ಪ್ರತಿಷ್ಠಾಪಿತವಾದ ಗಾಥಿಕ್ ಶೈಲಿಯ ಮಂದಿರವದು. ಅದರ ಗೋಪುರ ಛಾಯಾಚಿತ್ರಕ್ಕೆ ಸುಲಭವಾಗಿ ಸಿಕ್ಕುತ್ತದೆ, ಒಳಾಂಗಣ ಸಿಕ್ಕುವುದಿಲ್ಲ. ಗಾಥಿಕ್ ಒಳಾಂಗಣವೆಂದರೆ ಕಂಬ ಕಮಾನುಗಳಷ್ಟೇ ಅಲ್ಲ, ಕತ್ತಲೆಯೊಳಕ್ಕೆ ಎತ್ತರದಿಂದ ಇಳಿಯುವ ಬೆಳಕು.

ಆ ಬೆಳಕನ್ನು ಬಣ್ಣವಿಲ್ಲದೆ ಹಿಡಿದವರು ಅಚ್ಚುಚಿತ್ರಕಾರರು. ಎಚ್ಚಿಂಗ್ ಪದ್ಧತಿಯಲ್ಲಿ, ಮೇಣ ಸವರಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೆರೆಯೆಳೆದು ಆಮ್ಲದಲ್ಲಿಡುತ್ತಾರೆ. ಹೆಚ್ಚು ಹೊತ್ತು ಆಮ್ಲ ತಿಂದ ಗೆರೆ ಹೆಚ್ಚು ಮಸಿ ಹಿಡಿದು ಕಪ್ಪಾಗುತ್ತದೆ. ಕಲಾವಿದನು ಬರೆಯುವುದು ಕತ್ತಲೆಯನ್ನು. ಅವನು ಮುಟ್ಟದೆ ಬಿಟ್ಟ ಕಾಗದವೇ ಬೆಳಕು.

ವೆನ್ಸೆಸ್ಲಾಸ್ ಹಾಲರ್ 1607ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವನು; ನಮ್ಮಂತೆ ಹೊರನಾಡಿಗ. ಅಲ್ಲಿಯ ಸಂತ ಪಾಲರ ಹಳೆಯ ಕೆಥೀಡ್ರಲಿನ ಒಳಾಂಗಣವನ್ನು, ಅದರ ಗಾಥಿಕ್ ಗಾಯನಾಂಗಣವನ್ನು, ಅವನು ಗೆರೆಗೆರೆಯಾಗಿ ಕೊರೆದನು. ಆ ಚಿತ್ರಗಳು ಡಗ್ಡೇಲನ ಗ್ರಂಥದಲ್ಲಿ 1658ರಲ್ಲಿ ಪ್ರಕಟವಾದವು. ಎಂಟೇ ವರ್ಷಗಳಲ್ಲಿ, 1666ರ ಮಹಾ ಅಗ್ನಿಯಲ್ಲಿ, ಆ ಮಂದಿರ ಬೆಂದುಹೋಯಿತು. ಇಂದು ಅಲ್ಲಿರುವುದು ಕ್ರಿಸ್ಟೋಫರ್ ರೆನ್ ರೂಪಿಸಿದ ಬೇರೆಯೇ ಕಟ್ಟಡ. ಕಲ್ಲು ಉಳಿಯಲಿಲ್ಲ, ಕಾಗದ ಉಳಿಯಿತು. ಊರಿನವರು ದಿನವೂ ಕಂಡು ಕಾಣದಂತಿದ್ದುದನ್ನು ಪರಸ್ಥಳದವನೊಬ್ಬ ಉಳಿಸಿಕೊಟ್ಟನು.

ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗಾಥಿಕ್ ಇಗರ್ಜಿ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತಿದೆ. ಅದಕ್ಕೆ ಈಗ ಛಾವಣಿಯಿಲ್ಲ. ಛಾವಣಿಯಿಲ್ಲದ ಮೇಲೆ ಒಳಾಂಗಣವೆಲ್ಲಿ, ಅದರ ಕತ್ತಲೆಯೆಲ್ಲಿ? ಅಲ್ಲಿಗೊಬ್ಬ ಹಾಲರ್ ಸಕಾಲದಲ್ಲಿ ಹೋಗಬೇಕಿತ್ತು.

ಮೆದಕ್ಕಿನ ಮಂದಿರ ಗಟ್ಟಿಯಾಗಿ ನಿಂತಿದೆ. ಅದೇ ಮೆದಕ್ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದ ಲಕ್ಷ್ಮಾ ಗೌಡರು ಎಚ್ಚಿಂಗಿನಲ್ಲಿ ತೆಲಂಗಾಣದ ಹಳ್ಳಿಯ ಬದುಕನ್ನೇ ಕೊರೆದವರು. ಕಲೆಯೂ ಇಲ್ಲಿದೆ, ವಸ್ತುವೂ ಇಲ್ಲಿದೆ. ನಮ್ಮ ಸಂಘಗಳು ತವರಿನ ನೆನಪನ್ನು ಶ್ರದ್ಧೆಯಿಂದ ಕಾಯುತ್ತವೆ, ಸರಿಯೇ. ಆದರೆ ಅನ್ನವಿಟ್ಟ ಈ ನೆಲದ ಯಾವುದನ್ನು ನಾವು ಕಣ್ಣಿಟ್ಟು ನೋಡಿ ದಾಖಲಿಸಿದ್ದೇವೆ? ಚಿತ್ರ ಬರೆಯಬಲ್ಲ ನಮ್ಮ ಮಕ್ಕಳನ್ನು ಒಂದು ದಿನ ಮೆದಕ್ಕಿಗೆ ಕರೆದೊಯ್ದು ಆ ಬೆಳಕಿನ ಕೆಳಗೆ ಕೂರಿಸೋಣ. ಹೊರನಾಡಿಗನ ಋಣ ತೀರುವುದು ಹೀಗೆಯೇ ಎಂದು ನನ್ನ ನಂಬಿಕೆ.