ಗದ್ದೆಯಲ್ಲಿ ಮನೆ ಕಟ್ಟುವ ಮುನ್ನ



ತುಂಡು ಗದ್ದೆಯ ಹೊರತು ಬೇರೆ ನೆಲವಿಲ್ಲದವನು ಮನೆ ಕಟ್ಟುವುದೆಲ್ಲಿ? ಲೈಫ್ ಯೋಜನೆಯ 4 ಲಕ್ಷ ರೂಪಾಯಿ ಮಂಜೂರಾದರೂ ಪಂಚಾಯತಿನ ಪರವಾನಗಿಯಿಲ್ಲದೆ ಅಡಿಪಾಯ ಏಳದು. ಕೇರಳದ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯಿದೆಯು ಗದ್ದೆಯನ್ನು ಮುಚ್ಚಕೂಡದೆನ್ನುತ್ತದೆ. ಅದು ಕೆಟ್ಟ ಕಾನೂನೆಂದು ನಾನು ಹೇಳಲಾರೆ; ಗದ್ದೆ ಹೋದ ಊರಿನಲ್ಲಿ ಬಾವಿಯ ನೀರೂ ಇಳಿಯುವುದನ್ನು ನೀವೇ ಬಲ್ಲಿರಿ.

ಆದರೆ ಅದೇ ಕಾಯಿದೆ ಬಡವನಿಗೆ ಒಂದು ದಾರಿ ಬಿಟ್ಟಿದೆ. ಪಂಚಾಯತು ವ್ಯಾಪ್ತಿಯಲ್ಲಿ ಸ್ವಂತ ವಾಸಕ್ಕೆ 10 ಸೆಂಟಿನವರೆಗೆ ಅನುಮತಿ ದೊರೆಯಬಹುದು. ಜಿಲ್ಲೆಯಲ್ಲಿ ಕುಟುಂಬಕ್ಕೆ ಮನೆಗೆ ತಕ್ಕ ಬೇರೆ ಜಾಗವಿರಕೂಡದು. ನೆರೆಯ ಬೇಸಾಯಕ್ಕೆ ಬಾಧೆಯಾಗಕೂಡದು. ಸುತ್ತಲೂ ಗದ್ದೆಯಿರುವ ನಡುವಿನ ತುಂಡೂ ಆಗಕೂಡದು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ, ಮೂವರು ರೈತರು ಕೂಡಿದ ಸ್ಥಳೀಯ ಸಮಿತಿ ಪರಿಶೀಲಿಸಿ ಜಿಲ್ಲಾ ಸಮಿತಿಗೆ ಶಿಫಾರಸು ಮಾಡುತ್ತದೆ. ಅಪ್ಪಣೆಗೆ ಮೊದಲೇ ಮಣ್ಣು ಹೊಡೆಸಿದಿರೋ, ಕೆಲಸ ಕೆಟ್ಟಿತು. ಹಾಗೆ ಮುಚ್ಚಿದ ನೆಲಕ್ಕೆ ಪಂಚಾಯತು ಪರವಾನಗಿ ಕೊಡುವಂತಿಲ್ಲ.

ಇದಕ್ಕೂ ಮೊದಲು, ‘ಡಾಟಾ ಬ್ಯಾಂಕ್’ ಎಂದು ಕರೆಯುವ ಪಟ್ಟಿಯಲ್ಲಿ ನಿಮ್ಮ ಸರ್ವೆ ನಂಬರು ಇದೆಯೋ ಎಂದು ಕೃಷಿಭವನದಲ್ಲಿ ವಿಚಾರಿಸಿರಿ. 2008ಕ್ಕೆ ಎಷ್ಟೋ ಮುಂಚೆಯೇ ಅಡಿಕೆತೋಟವಾದ ನೆಲವೂ ಅಲ್ಲಿ ಗದ್ದೆಯೆಂದೇ ಉಳಿದಿರುವುದುಂಟು. ತಪ್ಪಿದ್ದರೆ 5ನೆಯ ನಮೂನೆಯಲ್ಲಿ ಕಂದಾಯ ಅಧಿಕಾರಿಗಳಿಗೆ ಅರ್ಜಿ ಕೊಡಬೇಕು.

ಮಲೆಯಾಳ ಬಾರದೆಂದು ಹಿಂಜರಿಯಬೇಡಿರಿ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸಾರಿದೆಡೆ ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿರಿ. ಕನ್ನಡದಲ್ಲಿ ಕೊಡಿರೆಂದು ಬರೆದು ಕೇಳಿರಿ, ಆ ಅರ್ಜಿಗೆ ರಶೀದಿಯನ್ನೂ ಪಡೆಯಿರಿ.