ಕಾಲು ಜಾರಿತೆಂಬ ಮಾತು

ದಸರಾ ವಸ್ತುಪ್ರದರ್ಶನದಲ್ಲಿಯೋ ಊರ ಜಾತ್ರೆಯಲ್ಲಿಯೋ ತಿರುಗುವ ದೊಡ್ಡ ತೊಟ್ಟಿಲನ್ನು ನೀವೆಲ್ಲರೂ ಕಂಡಿದ್ದೀರಿ. ತೊಟ್ಟಿಲಲ್ಲಿ ಕುಳಿತವರ ಮುಂದೆ ಅಡ್ಡಕಂಬಿ ಉಂಟು. ಆ ಕಂಬಿ ಹಾಕುವ ಹುಡುಗನನ್ನು ನೋಡಿದವರೆಷ್ಟು ಮಂದಿ? ಅವನು ನಿಂತಿರುವುದು ಅಟ್ಟಣೆಯ ಅಂಚಿನಲ್ಲಿ. ಈ ತೊಟ್ಟಿಲನ್ನು ಹತ್ತಿ ಜೋಡಿಸುವವರೂ, ಜಾತ್ರೆ ಮುಗಿದ ರಾತ್ರಿಯೇ ಬಿಚ್ಚಿ ಲಾರಿಗೆ ಏರಿಸುವವರೂ ಅವನೂ ಅವನ ಜೊತೆಗಾರರೂ. ನಿದ್ದೆಗೆಟ್ಟ ಕಣ್ಣು, ಇಬ್ಬನಿಗೆ ನೆನೆದ ಕಬ್ಬಿಣ.

ಇವರಲ್ಲಿ ಯಾರಾದರೂ ಬಿದ್ದರೆ ನಾವು ಹೇಳುವುದು ಒಂದೇ ಮಾತು: ‘ಕಾಲು ಜಾರಿ ಬಿದ್ದ.’ ಕನ್ನಡ ಹೇಳಿಕೊಡುವವನಾದ ನನಗೆ ಈ ಮಾತಿನೊಡನೆ ಕೊಂಚ ಜಗಳವಿದೆ. ಎಡವುವುದು ಬೇರೆ, ಜಾರುವುದು ಬೇರೆ, ಆಯ ತಪ್ಪುವುದು ಬೇರೆ. ಎಲ್ಲವನ್ನೂ ಕಾಲಿನ ತಲೆಗೆ ಕಟ್ಟುವುದೇಕೆ? ಎಡವಿದ್ದು ನೆಲದ ಮೇಲೆ ಎಳೆದಿದ್ದ ವಿದ್ಯುತ್ ತಂತಿಯನ್ನಿರಬಹುದು. ಜಾರಿದ್ದು ನೀರಾಟದ ಕೊಳದ ಪಾಚಿಗಟ್ಟಿದ ಮೆಟ್ಟಿಲಲ್ಲಿರಬಹುದು. ಆಯ ತಪ್ಪಿದ್ದು ಕಟಾಂಜನವಿಲ್ಲದ ಅಟ್ಟಣೆಯ ಮೇಲಿರಬಹುದು. ಕಾಲು ಜಾರಿತೆಂದೊಡನೆ ಕಟಾಂಜನ ಹಾಕಿಸದವನ ವಿಚಾರ ಅಲ್ಲಿಗೇ ಮುಗಿಯಿತು!

ಐದು ಮೀಟರು, ಎಂದರೆ ಸುಮಾರು 16 ಅಡಿ, ಎತ್ತರದಿಂದ ಬಿದ್ದವನು ಒಂದು ಸೆಕೆಂಡಿನಲ್ಲಿ ನೆಲ ಸೇರುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 35 ಕಿಲೋಮೀಟರು. ‘ಹುಷಾರು’ ಎಂದು ಕೂಗಿ ಮುಗಿಸುವಷ್ಟು ಹೊತ್ತೂ ಇಲ್ಲ. ಆದಕಾರಣ ಎಚ್ಚರವೆಂಬುದು ಮುಂಚಿತವಾಗಿಯೇ ಕಬ್ಬಿಣದಲ್ಲಿಯೂ ಹಗ್ಗದಲ್ಲಿಯೂ ಇರಬೇಕು. ಹಗ್ಗಕ್ಕೂ ವಿವೇಕ ಬೇಕು. ಸೊಂಟಕ್ಕೆ ಮಾತ್ರ ಪಟ್ಟಿ ಬಿಗಿದರೆ, ಬಿದ್ದವನನ್ನು ಹಗ್ಗ ಜಗ್ಗಿ ಹಿಡಿದಾಗ ಪೆಟ್ಟೆಲ್ಲ ಹೊಟ್ಟೆಗೆ ತಗಲುತ್ತದೆ. ಅಮೆರಿಕದಲ್ಲಿ ಕಟ್ಟಡ ಕೆಲಸದವರು ಬೀಳುವುದನ್ನು ತಡೆಯಲು ಅಂಥ ಪಟ್ಟಿ ಬಳಸಕೂಡದೆಂದು 1998ರಿಂದ ನಿಷೇಧಿಸಿದರು. ಭುಜ, ಎದೆ, ತೊಡೆಗಳನ್ನು ಬಳಸಿ ಬರುವ ಪಟ್ಟಿಯೇ ಬೇಕು. ಅದರ ಹಗ್ಗವನ್ನು ತಿರುಗುವ ಭಾಗಕ್ಕಲ್ಲ, ಅಲುಗದ ಆಸರೆಗೆ ಕಟ್ಟಬೇಕು.

ನಮ್ಮ ದೇಶದ 1923ರ ಕಾರ್ಮಿಕ ಪರಿಹಾರ ಕಾಯಿದೆಯೂ ಕಾಲನ್ನೇ ದೂರುತ್ತ ಕೂರಲಿಲ್ಲ. ಅದರ ವ್ಯಾಪ್ತಿಗೆ ಬರುವ ಕೆಲಸಗಾರನು ಕೆಲಸದ ನಿಮಿತ್ತ, ಕೆಲಸದ ವೇಳೆಯಲ್ಲಿ ಅಪಘಾತಕ್ಕೀಡಾಗಿ ಪ್ರಾಣ ಕಳೆದುಕೊಂಡರೆ, ಅವನದೇ ಅಜಾಗರೂಕತೆಯೆಂಬ ನೆಪದಿಂದ ಧಣಿ ಹೊಣೆ ಕಳಚಿಕೊಳ್ಳುವಂತಿರಲಿಲ್ಲ. ಆದರೆ ಊರೂರು ಅಲೆಯುವ ಈ ಹುಡುಗರ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ಇದ್ದೀತು? ಹೆಸರೇ ಇಲ್ಲದವನ ತಾಯಿ ಯಾರ ಬಾಗಿಲು ತಟ್ಟಬೇಕು?

ಜಾತ್ರೆಯ ಜಾಗವನ್ನು ಹರಾಜು ಹಾಕುವವರು ಆ ಹೆಸರುಗಳನ್ನು ಮೊದಲು ಬರೆಸಿಕೊಳ್ಳಲಿ. ಮೇಲೆ ಹತ್ತುವವರೆಷ್ಟು, ಪಟ್ಟಿಗಳೆಷ್ಟು ಎಂದು ಎಣಿಸಿ ನೋಡಲಿ. ತೊಟ್ಟಿಲು ಜೋಡಿಸುವ ದಿನವೇ ಬಂದು ನೋಡಲಿ. ಉದ್ಘಾಟನೆಯ ದಿನ ಬಂದರೆ ಅವರಾಗಲೇ ಕೆಳಗಿಳಿದಿರುತ್ತಾರೆ.